ಕಣ್ಣಂದಾಜಿನಲ್ಲಿ ಕಾಯಿಸಿದ ಉಕ್ಕು

ಅಮೆರಿಕದ ಬೇಟೆಗಾರರಲ್ಲಿ ಒಂದು ಹಳೆಯ ಹವ್ಯಾಸವಿದೆ. ಸೈನ್ಯ ಬಳಸಿ ಬಿಟ್ಟ ರೈಫಲ್ ಕೊಳ್ಳುತ್ತಾರೆ. ನಳಿಗೆ, ಮರದ ಹಿಡಿ ಎಲ್ಲ ಕಳಚಿ, ಆ್ಯಕ್ಷನ್ ಮಾತ್ರ ಉಳಿಸಿಕೊಂಡು, ಅದರ ಸುತ್ತ ತಮಗೆ ಬೇಕಾದ ರೈಫಲ್ ಕಟ್ಟಿಸುತ್ತಾರೆ. ತೋಟಾವನ್ನು ಹಿಂದಿನಿಂದ ಒತ್ತಿ ಹಿಡಿಯುವ ಬೋಲ್ಟ್, ಆ ಬೋಲ್ಟ್ ಕೂರುವ ರಿಸೀವರ್, ಇವೆರಡೂ ಸೇರಿದ್ದೇ ಆ್ಯಕ್ಷನ್.

ಎಂಥದ್ದನ್ನು ಆರಿಸಬೇಕು? ಹೊಳಪು ನೋಡಿದರೆ ಸಾಲದು. ಆ ಉಕ್ಕನ್ನು ಹೇಗೆ ಕಾಯಿಸಿದ್ದರು ಅನ್ನೋದನ್ನು ಮೊದಲು ಕೇಳಬೇಕು.

ಯಾಕೆಂದರೆ ಅದು ಹೊರುವ ಭಾರ ಸಣ್ಣದಲ್ಲ. ಥರ್ಟಿ-ಆಟ್-ಸಿಕ್ಸ್ ಎಂಬ ಹೆಸರಾಂತ ತೋಟಾ ಸಿಡಿದಾಗ ಒತ್ತಡ 60,000 ಪಿಎಸ್‌ಐ, ಅಂದರೆ ಚದರ ಇಂಚಿಗೆ ಅಷ್ಟು ಪೌಂಡ್‌ವರೆಗೆ ಏರಬಹುದು. ಕಾರಿನ ಟೈರಿನಲ್ಲಿ ಇರುವುದು 30ರ ಆಸುಪಾಸು, ಅಲ್ವಾ? ಈ ಒತ್ತಡವೆಲ್ಲ ಬೋಲ್ಟ್‌ನ ತುದಿಯ ಎರಡು ಪುಟ್ಟ ಲಗ್‌ಗಳ, ಅಂದರೆ ಬೋಲ್ಟನ್ನು ರಿಸೀವರ್‌ಗೆ ಸಿಕ್ಕಿಸಿ ಹಿಡಿಯುವ ಉಬ್ಬುಗಳ ಮೇಲೆ, ನಿಮ್ಮ ಮುಖದಿಂದ ಗೇಣು ದೂರದಲ್ಲಿ ಬೀಳುತ್ತದೆ.

1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ ನೋಡಿ. ಜರ್ಮನಿಯ ಮೌಸರ್ ವಿನ್ಯಾಸದಿಂದ ಅಮೆರಿಕ ಎಷ್ಟೋ ಅಂಶಗಳನ್ನು ತೆಗೆದುಕೊಂಡಿತ್ತು. ಅದಕ್ಕಾಗಿ ಮೌಸರ್ ಕಂಪನಿಗೆ ಹಣವನ್ನೂ ಕೊಟ್ಟಿತು. ವಿನ್ಯಾಸ ಚೆನ್ನಾಗಿಯೇ ಇತ್ತು. ಆದರೆ 1917ರಲ್ಲಿ ಕೆಲವು ರಿಸೀವರ್‌ಗಳು ಗಾಜಿನಂತೆ ಒಡೆದು ಚೂರಾದವು.

ತನಿಖೆಯಲ್ಲಿ ಸಿಕ್ಕ ಕಾರಣ ನನ್ನನ್ನು ಇಂದಿಗೂ ಕಾಡುತ್ತದೆ. ನಮ್ಮೂರ ಕುಲುಮೆಯ ಕಮ್ಮಾರರ ಹಾಗೆ ಅಲ್ಲಿನ ಕೆಲಸಗಾರರೂ ಕಾದ ಉಕ್ಕಿನ ಬಣ್ಣ ನೋಡಿ ಬಿಸಿ ಅಳೆಯುತ್ತಿದ್ದರು. ಅನುಭವಿ ಕೈಗಳೇ. ಆದರೆ ಬಿಸಿಲು ಚೆನ್ನಾಗಿದ್ದ ದಿನ ಕೆಂಡದ ಬಣ್ಣ ಮಂಕಾಗಿ ಕಾಣುತ್ತದೆ. ಇನ್ನೂ ಕಾಯಲಿ ಎಂದು ಬಿಡುತ್ತಿದ್ದರು. ಮೋಡದ ದಿನಕ್ಕೆ ಹೋಲಿಸಿದರೆ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಜಾಸ್ತಿಯಾಗುತ್ತಿತ್ತು! ಅತಿಯಾಗಿ ಕಾದ ಉಕ್ಕಿನ ಒಳಗಿನ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ. ಆಮೇಲೆ ಅದು ಪೆಟ್ಟಿಗೆ ಬಾಗುವುದಿಲ್ಲ, ಸೀಳುತ್ತದೆ.

1918ರಲ್ಲಿ ಬಿಸಿ ಅಳೆಯುವ ಉಪಕರಣ ಬಂತು, ಎರಡು ಹಂತದ ಹದ ಬಂತು. ಅಷ್ಟರೊಳಗೆ ಎರಡು ಕಾರ್ಖಾನೆಗಳಿಂದ ಹತ್ತು ಲಕ್ಷಕ್ಕೂ ಜಾಸ್ತಿ ರೈಫಲ್‌ಗಳು ಹೊರಬಿದ್ದಿದ್ದವು. ಮತ್ತೆ ಕಾಯಿಸಿ ಸರಿಪಡಿಸಲು ನೋಡಿದರು, ಭರವಸೆ ಬರಲಿಲ್ಲ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯದಾದರೆ 8,00,000ಕ್ಕಿಂತ ಕಡಿಮೆ, ರಾಕ್ ಐಲ್ಯಾಂಡ್‌ನದಾದರೆ 2,85,507ಕ್ಕಿಂತ ಕಡಿಮೆ ಕ್ರಮಸಂಖ್ಯೆ ಇದ್ದರೆ ತಿಳಿದವರು ಮುಟ್ಟುವುದಿಲ್ಲ. ಎಲ್ಲವೂ ಕೆಟ್ಟವಲ್ಲ, ಹೌದು. ಆದರೆ ಕೆಟ್ಟದ್ದು ಯಾವುದೆಂದು ಹೊರಗಿನಿಂದ ಗೊತ್ತಾಗುವುದಿಲ್ಲ.

ಹಾಗಾಗಿಯೇ ನನ್ನ ಒಲವು 1898ರ ಮೌಸರ್ ಕಡೆಗೆ. ಅದರ ಉಕ್ಕಿಗೆ ತೆಳ್ಳನೆಯ ಗಟ್ಟಿ ಸಿಪ್ಪೆ, ಒಳಗೆ ಮೆದು ತಿರುಳು. ಒತ್ತಡ ಮೀರಿದರೆ ಚೂರಾಗುವ ಬದಲು ಬಾಗುತ್ತದೆ, ಹಿಗ್ಗುತ್ತದೆ. ಮುಂದಿನ ಎರಡು ಲಗ್‌ಗಳು ಸೋತರೆ ತಡೆಯಲು ಹಿಂದೆ ಮೂರನೆಯದೊಂದಿದೆ. ತೋಟಾ ಹರಿದರೆ ಬಿಸಿ ಅನಿಲ ಪಕ್ಕಕ್ಕೆ ಹೋಗಲು ಬೋಲ್ಟ್‌ನಲ್ಲೇ ತೂತುಗಳಿವೆ.

ಇದಕ್ಕೂ ಮಿತಿ ಇದೆ. ಮ್ಯಾಗ್ನಮ್ ಎಂಬ ಹೆಚ್ಚು ಬಲದ ಉದ್ದದ ತೋಟಾ ಹಿಡಿಸಲೆಂದು ಕೆಲವರು ಕೆಳಗಿನ ಲಗ್‌ನ ಹಿಂದಿನ ಉಕ್ಕನ್ನೇ ಕೊರೆದು ತೆಗೆಸಿದ್ದರು. ಆ ಲಗ್‌ಗೆ ಒರಗಲು ಇದ್ದ ಗೋಡೆಯೇ ಅದು. ಹಾಗೆ ಕೊರೆದ ಮೌಸರ್ ಸಿಕ್ಕರೆ, ಅದು ಎಷ್ಟೇ ಅಗ್ಗವಿರಲಿ, ನಾನಂತೂ ಬೇಡ ಅನ್ನುತ್ತೇನೆ.