ಪೆನಿಟ್ರೆಂಟ್ ಪರೀಕ್ಷೆಗೆ ಮುಂಚೆ ಬ್ಲಾಸ್ಟಿಂಗ್ ಬೇಡ

ವಿಮಾನದ ಬಿಡಿಭಾಗಗಳನ್ನು ಫ್ಲೋರೊಸೆಂಟ್ ಪೆನಿಟ್ರೆಂಟ್ ಪರೀಕ್ಷೆಗೆ (ನೇರಳಾತೀತ ಬೆಳಕಿನಲ್ಲಿ ಹೊಳೆಯುವ ದ್ರವ ಇಳಿಸಿ ಬಿರುಕು ಹುಡುಕುವ ಪರೀಕ್ಷೆ) ಕಳಿಸುವವರಲ್ಲಿ ನನ್ನದೊಂದು ವಿನಂತಿ. ದಯವಿಟ್ಟು ಬ್ಲಾಸ್ಟ್ ಮಾಡಿ, ಅಂದರೆ ಗ್ರಿಟ್ ಎಂಬ ಗಟ್ಟಿ ಕಾಳುಗಳನ್ನು ಜೋರಾಗಿ ಬಡಿಸಿ, ಫಳಫಳ ಹೊಳೆಯಿಸಿ ಕಳಿಸಬೇಡಿ. "ನಿಮಗೆ ನೋಡೋಕೆ ಸುಲಭ ಆಗ್ಲಿ ಅಂತ ಕ್ಲೀನ್ ಮಾಡಿಸಿದ್ವಿ ಸರ್" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿರುತ್ತಾರೆ. ಆದರೆ ನಾವು ಹುಡುಕುವ ಬಿರುಕಿನ ಬಾಯನ್ನೇ ಮುಚ್ಚಿ ಕಳಿಸಿರುತ್ತಾರೆ.

ಪೆನಿಟ್ರೆಂಟ್ ಬಿರುಕಿನೊಳಗೆ ಇಳಿದರೆ ಮಾತ್ರ ಕೆಲಸ ಮಾಡುತ್ತದೆ. ಇಳಿಯಬೇಕಾದರೆ ಬಿರುಕು ಮೇಲ್ಮೈಗೆ ತೆರೆದುಕೊಂಡಿರಬೇಕು. ಅಲ್ಯೂಮಿನಿಯಂ, ಟೈಟಾನಿಯಂ ಮೇಲೆ ಗ್ರಿಟ್ ಬಡಿದರೆ, ಉಜ್ಜುಕಾಗದ ಆಡಿದರೆ, ಮೊಂಡಾದ ಟೂಲ್ ಓಡಿದರೆ ಮೇಲಿನ ಲೋಹ ಹರಡಿಕೊಳ್ಳುತ್ತದೆ. ಗೋಡೆಯ ಸೀಳಿನ ಮೇಲೆ ಗಾರೆ ಹಾಕಿ ಕರಣೆ ಎಳೆದ ಹಾಗೆ. ಕೆಲವೇ ಮೈಕ್ರಾನ್ ಸಾಕು. ಸೀಳು ಒಳಗೆ ಹಾಗೇ ಇರುತ್ತದೆ, ದ್ರವಕ್ಕೆ ದಾರಿ ಇರುವುದಿಲ್ಲ. ಆಮೇಲೆ ನಾನು 10 ನಿಮಿಷದ ಬದಲು ಒಂದು ಗಂಟೆ ನೆನೆಸಿದರೂ, ಇನ್ನೂ ಸೂಕ್ಷ್ಮವಾದ ದ್ರವ ಬಳಸಿದರೂ ಪ್ರಯೋಜನವಿಲ್ಲ.

ರಿಪೋರ್ಟಿನಲ್ಲಿ ನಾನು ಬರೆಯುವುದು "ಗುರುತು ಕಾಣಲಿಲ್ಲ" ಎಂದು. ನೀವು ಓದಿಕೊಳ್ಳುವುದು "ಬಿರುಕಿಲ್ಲ" ಎಂದು. ಎರಡೂ ಒಂದೇ ಅಲ್ಲ.

ಒಮ್ಮೆ ಬ್ಲಾಸ್ಟ್ ಮಾಡಿದ ಟೈಟಾನಿಯಂ ಬ್ರಾಕೆಟ್‌ಗಳು ಬಂದವು. ಮೊದಲ ಸಲ ಏನೂ ಕಾಣಲಿಲ್ಲ. ಕಳಿಸಿದ ಕಡೆಯ ಹುಡುಗಿ, ಹೊಸ ಎಂಜಿನಿಯರ್, ಪಕ್ಕದಲ್ಲೇ ನಿಂತಿದ್ದಳು. ಅವರ ಕಂಪನಿಯ ಒಪ್ಪಿಗೆ ಪಡೆದು ಎಚಿಂಗ್ ಮಾಡಿಸಿ (ಆಸಿಡ್‌ನಿಂದ ಮೇಲಿನ ತೆಳು ಲೋಹ ಕರಗಿಸಿ) ಮತ್ತೆ ನೋಡಿದೆವು. ಒಂದು ಬ್ರಾಕೆಟ್ಟಿನ ಒಳಮೂಲೆಯಲ್ಲಿ ಕೂದಲೆಳೆಯಷ್ಟು ಹಳದಿ ಹಸಿರು ಗೆರೆ. ಸಾಲ್ವೆಂಟ್ ತಾಗಿಸಿದ ಬ್ರಷ್‌ನಿಂದ ಒರೆಸಿ, ಒಣಗಲು ಬಿಟ್ಟು, ಮತ್ತೆ ಡೆವಲಪರ್ (ಬಿರುಕಿನ ದ್ರವವನ್ನು ಮೇಲಕ್ಕೆ ಎಳೆಯುವ ಪುಡಿ) ಹಾಕಿದೆ. ಗೆರೆ ಅದೇ ಜಾಗದಲ್ಲಿ ನಿಧಾನಕ್ಕೆ ಒಸರಿ ಬಂತು. "ಇದು ಮೊದಲೂ ಇತ್ತು ಅಲ್ವಾ ಸರ್?" ಅಂದಳು. ಈಗ ಅವಳು ಕಳಿಸುವ ಪಾರ್ಟ್‌ಗಳ ಜೊತೆ ಯಾವ ಕೆಲಸ ಯಾವ ಕ್ರಮದಲ್ಲಿ ಆಗಿದೆ ಎಂಬ ರೂಟ್ ಕಾರ್ಡ್ ತಪ್ಪದೆ ಬರುತ್ತದೆ. ನನಗೆ ಅದು ತುಂಬಾ ಖುಷಿ.

1996ರ ಜುಲೈ 6ರಂದು ಅಮೆರಿಕದ ಪೆನ್ಸಕೋಲಾದಲ್ಲಿ ಎಂಡಿ-88 ವಿಮಾನವೊಂದು ಹಾರಲು ಓಡುತ್ತಿದ್ದಾಗ ಎಡ ಎಂಜಿನ್ನಿನ ಫ್ಯಾನ್ ಹಬ್ (ಫ್ಯಾನಿನ ರೆಕ್ಕೆಗಳನ್ನು ಹಿಡಿದಿಡುವ ನಡುಭಾಗ) ಒಡೆಯಿತು. ಚೂರುಗಳು ಕ್ಯಾಬಿನ್ನಿಗೆ ನುಗ್ಗಿ ಇಬ್ಬರು ಪ್ರಯಾಣಿಕರು ಸತ್ತರು. ಬಿರುಕು ಶುರುವಾಗಿದ್ದು ತಯಾರಿಕೆಯ ವೇಳೆ ಸರಿಯಾಗಿ ಕೊರೆಯದ ಒಂದು ರಂಧ್ರದಲ್ಲಿ. ಹಿಂದಿನ ಪೆನಿಟ್ರೆಂಟ್ ಪರೀಕ್ಷೆಯಲ್ಲಿ ಅದು ಸಿಕ್ಕಿರಲಿಲ್ಲ. ಅಲ್ಲಿನ ಕಾರಣ ಬ್ಲಾಸ್ಟಿಂಗ್ ಅಂತ ನಾನು ಹೇಳುತ್ತಿಲ್ಲ. ಆದರೆ ಪರೀಕ್ಷೆಗೆ ಮುಂಚಿನ ಕ್ಲೀನಿಂಗ್, ಒಣಗಿಸುವ ಕೆಲಸ ಕೂಡ ತನಿಖೆಯಲ್ಲಿ ಚರ್ಚೆಗೆ ಬಂದವು.

"ಎಚಿಂಗ್ ಮಾಡಿದ್ರೆ ಅಳತೆ ಹೋಗುತ್ತೆ" ಅನ್ನುವುದು ಮಾಮೂಲಿ ದೂರು. ಹೋಗುತ್ತದೆ, ನಿಜ. ಹಾಗಾಗಿ ಪ್ಲಾನಿಂಗ್ ಮಾಡುವಾಗಲೇ ಅಷ್ಟು ಲೋಹ ಬಿಟ್ಟುಕೊಳ್ಳಿ. ಹಾಗಂತ ನೀವೇ ಆಸಿಡ್ ತಂದು ಶುರು ಹಚ್ಚಿಕೊಳ್ಳಬೇಡಿ. ಟೈಟಾನಿಯಂ ಮತ್ತು ಗಟ್ಟಿ ಸ್ಟೀಲ್ ಎಚಿಂಗ್‌ನಲ್ಲಿ ಹೈಡ್ರೋಜನ್ ಹೀರಿಕೊಂಡು ಪೆಡಸಾಗುವ ಅಪಾಯವಿದೆ. ಎಷ್ಟು ತೆಗೆಯಬೇಕು, ಆಮೇಲೆ ಬೇಕಿಂಗ್ (ಬಿಸಿ ಮಾಡಿ ಹೈಡ್ರೋಜನ್ ಹೊರಹಾಕುವುದು) ಬೇಕಾ ಅನ್ನುವುದನ್ನು ಡ್ರಾಯಿಂಗ್, ಸ್ಪೆಸಿಫಿಕೇಶನ್ ಮತ್ತು ನಿಮ್ಮ ಲೆವೆಲ್ 3 (ಈ ಪರೀಕ್ಷೆಯಲ್ಲಿ ಅತ್ಯುನ್ನತ ಅರ್ಹತೆ ಪಡೆದವರು) ಹೇಳಬೇಕು. ಶಾಟ್ ಪೀನಿಂಗ್ (ಗುಂಡುಕಾಳು ಬಡಿದು ಮೇಲ್ಮೈ ಗಟ್ಟಿ ಮಾಡುವುದು), ಅನೋಡೈಸಿಂಗ್, ಪ್ಲೇಟಿಂಗ್‌ನಂಥ ಲೇಪನದ ಕೆಲಸ ಸಾಮಾನ್ಯವಾಗಿ ನಮ್ಮ ಪರೀಕ್ಷೆಯ ನಂತರ. ಅನುಮಾನ ಇದ್ದರೆ ಪಾರ್ಟ್ ಪ್ಯಾಕ್ ಮಾಡುವ ಮುಂಚೆ ಫೋನ್ ಮಾಡಿ, ಬೇಜಾರಿಲ್ಲದೆ ಹೇಳುತ್ತೇನೆ.