ಗಡಿ ಬಂದ್ ಮಾಡಿದರೆ ದನದ ರೋಗ ನಿಲ್ಲುತ್ತಾ?

ಪ್ರಶ್ನೆ: ನಮ್ಮ ದನಗಳಿಗೆ ನಾವು ಲಸಿಕೆ ಹಾಕಿಸಿಕೊಂಡಿದ್ದೇವೆ. ಪಕ್ಕದ ದೇಶದಲ್ಲಿ ರೋಗ ಬಂದರೆ ಗಡಿ ಬಂದ್ ಮಾಡಿದರೆ ಆಯಿತಲ್ಲ? ಅವರ ದನಕ್ಕೂ ಲಸಿಕೆ, ಅವರಿಗೂ ತರಬೇತಿ ಅಂತ ದುಡ್ಡು ಸುರಿಯುವುದು ಯಾಕೆ?

ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಕಾಲುಬಾಯಿ ಜ್ವರ, ಇನ್ನೊಮ್ಮೆ ಚರ್ಮಗಂಟು ರೋಗ, ಮತ್ತೊಮ್ಮೆ ಹಕ್ಕಿಜ್ವರ. ಕೊನೆಗೆ ಬಂದು ನಿಲ್ಲುವುದು ಮಾತ್ರ ಒಂದೇ ಕಡೆ: ಗೇಟ್ ಹಾಕಿ, ಬೀಗ ಜಡಿಯಿರಿ. ಉತ್ತರವೂ ಹಳೆಯದೇ. ಬೀಗದಿಂದ ರೋಗ ನಿಲ್ಲುವುದಿಲ್ಲ. ಪಕ್ಕದವರ ದನಕ್ಕೆ ಹಾಕಿಸುವ ಲಸಿಕೆ ದಾನವೂ ಅಲ್ಲ, ಅದು ನಿಮ್ಮ ಕೊಟ್ಟಿಗೆಯ ಖರ್ಚೇ. ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ ಅಂತ ಗೊತ್ತು. ಹಾಗಾಗಿ ಮೊದಲು ಬೀಗದ ವಿಷಯ.

ಕಾಲುಬಾಯಿ ಜ್ವರವನ್ನೇ ತಗೊಳ್ಳಿ. ವೈರಸ್ ಒಳಗೆ ಹೊಕ್ಕ ಮೇಲೆ ಲಕ್ಷಣ ಕಾಣಿಸಲು 2ರಿಂದ 14 ದಿನ ಬೇಕು. ನಾಲಿಗೆ ಮೇಲೆ ಗುಳ್ಳೆ ಎದ್ದು, ಗೊರಸಿನ ಸಂದಿ ಹುಣ್ಣಾಗಿ, ಬಾಯಿಂದ ನೂಲಿನಂತೆ ಜೊಲ್ಲು ಇಳಿಯುವ ಹೊತ್ತಿಗೆ ಯಾರಿಗೆ ಬೇಕಾದರೂ ಗೊತ್ತಾಗುತ್ತದೆ. ಆದರೆ ಅದಕ್ಕೂ ಒಂದೆರಡು ದಿನ ಮೊದಲೇ ಆ ಹಸುವಿನ ಹಾಲಿನಲ್ಲಿ, ಜೊಲ್ಲಿನಲ್ಲಿ ವೈರಸ್ ಹೊರಗೆ ಬರುತ್ತಿರುತ್ತದೆ. ಚೆಕ್‌ಪೋಸ್ಟ್‌ನಲ್ಲಿ ನಿಂತವನು ಬಾಯಿ ತೆರೆಸಿ ನೋಡುತ್ತಾನೆ, ಕಾಲು ಎತ್ತಿಸಿ ನೋಡುತ್ತಾನೆ. ಎಲ್ಲ ಸರಿಯಾಗೇ ಇದೆ. ಹಸು ಮೇವು ತಿನ್ನುತ್ತಾ ನಿಂತಿದೆ. ಸೀಲ್ ಬಿತ್ತು, ದಾಟಿತು. ಇಲ್ಲಿ ಅವನದೇನು ತಪ್ಪು?

'ಅದಕ್ಕೇ ಹೇಳಿದ್ದು, ಒಂದೂ ದನ ದಾಟಕೂಡದು' ಅನ್ನುತ್ತೀರಿ. ಸರಿ, ದನವೇ ದಾಟಲಿಲ್ಲ ಅಂತಿಟ್ಟುಕೊಳ್ಳೋಣ. 1981ರಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿ ಹಂದಿಗಳಿಗೆ ಕಾಲುಬಾಯಿ ಜ್ವರ ಬಂತು. ಹಂದಿಯ ಉಸಿರಿನಲ್ಲಿ ಈ ವೈರಸ್ ಹಸುವಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಅದು ಗಾಳಿಯಲ್ಲಿ ತೇಲಿ, ಸಮುದ್ರ ದಾಟಿ, ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ದನಗಳನ್ನು ಮುಟ್ಟಿತು. ಗಾಳಿಗೆ ಯಾವ ಗೇಟ್ ಹಾಕುತ್ತೀರಿ?

ಚರ್ಮಗಂಟು ರೋಗಕ್ಕೆ ಗಾಳಿಯೂ ಬೇಡ, ಕಚ್ಚುವ ನೊಣ, ಸೊಳ್ಳೆ ಸಾಕು. 1929ರಲ್ಲಿ ಇವತ್ತಿನ ಜಾಂಬಿಯಾ ಇರುವ ಕಡೆ ಮೊದಲು ಕಂಡ ರೋಗ ಇದು. ಎಷ್ಟೋ ದಶಕ ಆಫ್ರಿಕಾದಲ್ಲೇ ಇತ್ತು. ಆಮೇಲೆ ಪಶ್ಚಿಮ ಏಷ್ಯಾ ಹೊಕ್ಕು, 2015ರಲ್ಲಿ ಗ್ರೀಸ್ ತಲುಪಿ, 2019ರಲ್ಲಿ ಬಾಂಗ್ಲಾದೇಶ, ಭಾರತ, ಚೀನಾದಲ್ಲಿ ಕಾಣಿಸಿಕೊಂಡಿತು. ಇದರ ದಾರಿಯಲ್ಲಿ ಇದ್ದ ಗಡಿಗಳನ್ನು ಒಮ್ಮೆ ಎಣಿಸಿ ನೋಡಿ. ಒಂದಾದರೂ ಕೆಲಸಕ್ಕೆ ಬಂತಾ?

ಸುತ್ತಲೂ ಸಮುದ್ರವೇ ಇದ್ದರೆ? ಬ್ರಿಟನ್ನಿಗೆ ಅದೂ ಇತ್ತು. 2001ರ ಫೆಬ್ರವರಿಯಲ್ಲಿ ಒಂದು ಕಸಾಯಿಖಾನೆಯಲ್ಲಿ ಹಂದಿಗಳ ಗುಳ್ಳೆ ಕಣ್ಣಿಗೆ ಬಿದ್ದಾಗ, ಕಾಲುಬಾಯಿ ಜ್ವರ ಆಗಲೇ ಕುರಿ ಸಂತೆಗಳ ಮೂಲಕ ಹತ್ತಾರು ಫಾರಂಗಳಿಗೆ ಹಂಚಿಹೋಗಿತ್ತು. ಅದನ್ನು ಮುಗಿಸಲು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು.

ಇನ್ನೊಂದು ಮಾತು, ಇದನ್ನು ಹೇಳಿ ಹೇಳಿ ಸಾಕಾಗಿದೆ. ಗಡಿ ಮುಚ್ಚಿದ ಮಾತ್ರಕ್ಕೆ ವ್ಯಾಪಾರ ನಿಲ್ಲುವುದಿಲ್ಲ. ಆ ಕಡೆ ಮಾರಾಟವಾಗದ ದನ ಅಗ್ಗವಾಗುತ್ತದೆ, ಈ ಕಡೆ ಸಿಗದ ದನ ತುಟ್ಟಿಯಾಗುತ್ತದೆ. ನಡುವಿನ ಲಾಭ ನೋಡಿದ ದಲ್ಲಾಳಿ ಸುಮ್ನೆ ಕೂರುತ್ತಾನಾ? ಹಗಲು ಚೆಕ್‌ಪೋಸ್ಟ್ ದಾಟುತ್ತಿದ್ದ ದನ ರಾತ್ರಿ ಹೊಳೆ ದಾಟುತ್ತದೆ. ಮೊದಲು ಯಾವ ಊರಿನದು, ಯಾವಾಗ ಲಸಿಕೆ ಆಗಿದೆ ಅಂತ ಒಂದು ಚೀಟಿಯಾದರೂ ಇರುತ್ತಿತ್ತು. ಈಗ ಅದೂ ಇಲ್ಲ. ಕಾಯಿಲೆ ಬಿದ್ದರೂ ಕೊಂಡವನು ಬಾಯಿ ಬಿಡುವುದಿಲ್ಲ, ಕದ್ದು ತಂದದ್ದಲ್ವಾ. ಅಂದರೆ ಬೀಗ ಹಾಕಿ ನಾವು ನಿಜಕ್ಕೂ ಕಳೆದುಕೊಂಡದ್ದು ರೋಗದ ಸುದ್ದಿಯನ್ನು.

ಓಡಾಟ ತಡೆಯಲೇಬಾರದು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ರೋಗ ಕಂಡ ಊರಿನ ಸುತ್ತ ಕೆಲವು ವಾರ ದನಗಳ ಓಡಾಟ, ಸಂತೆ ನಿಲ್ಲಿಸುವುದು ಬೇಕೇ ಬೇಕು. ಅದು ಲಸಿಕೆ ತಂಡ ಬರುವ ತನಕ ಸಮಯ ಕೊಂಡುಕೊಳ್ಳುವ ಉಪಾಯ. ಅದನ್ನೇ ಇಡೀ ಚಿಕಿತ್ಸೆ ಅಂದುಕೊಂಡಾಗ ಎಡವಟ್ಟು.

ಹಾಗಾದರೆ ನಿಲ್ಲುವುದು ಹೇಗೆ? ಆಗ್ನೇಯ ಯುರೋಪಿನ ಬಾಲ್ಕನ್ ದೇಶಗಳನ್ನು ನೋಡಿ. ಚರ್ಮಗಂಟು ರೋಗ 2016ರಲ್ಲಿ ಅಲ್ಲಿ 7,400ಕ್ಕೂ ಹೆಚ್ಚು ಕಡೆ ಕಾಣಿಸಿಕೊಂಡಿತ್ತು. ಅಕ್ಕಪಕ್ಕದ ದೇಶಗಳೆಲ್ಲ ಸೇರಿ, ಯುರೋಪಿಯನ್ ಒಕ್ಕೂಟದ ಲಸಿಕೆ ದಾಸ್ತಾನಿನಿಂದಲೂ ಲಸಿಕೆ ತರಿಸಿಕೊಂಡು, ಸಾಲಾಗಿ ಎಲ್ಲ ದನಗಳಿಗೂ ಹಾಕಿದವು. ಕ್ರೊಯೇಷಿಯಾ ಅಂತೂ ತನ್ನಲ್ಲಿ ಒಂದು ದನಕ್ಕೂ ರೋಗ ಬರುವ ಮೊದಲೇ ಹಾಕಿ ಮುಗಿಸಿತು. 2017ರಲ್ಲಿ ಆ 7,400ರ ಲೆಕ್ಕ 385ಕ್ಕೆ ಇಳಿಯಿತು.

ಒಟ್ಟಿಗೆ ಹಾಕುವುದರಲ್ಲೂ ಸೂಕ್ಷ್ಮ ಇದೆ. ಕಾಲುಬಾಯಿ ಜ್ವರದ ವೈರಸ್ ಒಂದಲ್ಲ, ಏಳು ಬಗೆ. ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಪಕ್ಕದ ದೇಶದಲ್ಲಿ ಈಗ ಓಡಾಡುತ್ತಿರುವುದು ಯಾವುದು ಅಂತ ಅವರ ಪ್ರಯೋಗಾಲಯ ಹೇಳದಿದ್ದರೆ, ನಿಮ್ಮ ಲಸಿಕೆ ಬಾಟಲಿಯಲ್ಲಿ ಯಾವುದು ಇರಬೇಕು ಅಂತ ನಿಮಗೆ ಗೊತ್ತಾಗುವುದು ಹೇಗೆ? 'ನಮ್ಮ ದನಕ್ಕೆ ಹಾಕಿಸಿದ್ದೇವೆ' ಎಂಬ ಧೈರ್ಯದಲ್ಲಿ ಇರುವ ತೂತು ಇದೇ.

ಈ ಪಾಠ ಹೊಸದೇನಲ್ಲ. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟ ಡುಬ್ಬದ ದನಗಳು ಬೆಲ್ಜಿಯಂನ ಆಂಟ್ವೆರ್ಪ್ ಬಂದರಿನಲ್ಲಿ ತಂಗಿದ್ದವು. ಅವುಗಳ ಜೊತೆ ದೊಡ್ಡರೋಗವೂ ಇಳಿಯಿತು, ಅಂದರೆ ಹಿಂಡುಗಟ್ಟಲೆ ದನಗಳನ್ನು ಕೊಲ್ಲುತ್ತಿದ್ದ ರಿಂಡರ್‌ಪೆಸ್ಟ್ ಎಂಬ ವೈರಸ್ ರೋಗ. ಬೆಚ್ಚಿಬಿದ್ದ ದೇಶಗಳು ಮಾತಾಡಿಕೊಂಡು, 1924ರಲ್ಲಿ 28 ದೇಶಗಳ ಸಹಿಯೊಂದಿಗೆ ಪ್ಯಾರಿಸ್ಸಿನಲ್ಲಿ ಒಂದು ಸಂಸ್ಥೆ ಕಟ್ಟಿದವು. ಇವತ್ತಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಅದೇ. ದೊಡ್ಡರೋಗದಂಥದ್ದು ಬಂದರೆ ಮುಚ್ಚಿಡದೆ ಬೇಗ ತಿಳಿಸಬೇಕು ಎನ್ನುವುದು ಅದರ ಮೂಲ ಕರಾರು.

ಆಮೇಲೂ ಎಡವಿದ್ದಾರೆ. ಆಫ್ರಿಕಾದಲ್ಲಿ 1962ರಿಂದ 1976ರವರೆಗೆ ಹಲವು ದೇಶಗಳು ಸೇರಿ ದೊಡ್ಡರೋಗದ ವಿರುದ್ಧ ಲಸಿಕೆ ಹಾಕಿದವು. ರೋಗ ಹೆಚ್ಚುಕಮ್ಮಿ ಹೋಯಿತು ಅನ್ನುವಾಗ ಕೈಬಿಟ್ಟರು. ಗಡಿಯಂಚಿನ ಒಂದೆರಡು ಮೂಲೆಗಳಲ್ಲಿ ಅದು ಉಳಿದಿತ್ತು. 1980ರ ದಶಕದಲ್ಲಿ ಅಲ್ಲಿಂದಲೇ ಎದ್ದು ಮತ್ತೆ ಖಂಡದ ಅಗಲಕ್ಕೂ ಹರಡಿತು. ಎರಡನೇ ಸಲ ಬಿಡಲಿಲ್ಲ. 2001ರಲ್ಲಿ ಕೀನ್ಯಾದಲ್ಲಿ ಕಂಡದ್ದೇ ಕೊನೆ. 2011ರಲ್ಲಿ ಜಗತ್ತಿನಿಂದಲೇ ತೊಲಗಿತು ಎಂದು ಘೋಷಣೆಯಾಯಿತು. ಪ್ರಾಣಿಗಳ ರೋಗಗಳಲ್ಲಿ ಹೀಗೆ ಪೂರ್ತಿ ಅಳಿಸಿಹಾಕಿದ್ದು ಇದೊಂದನ್ನೇ. ಪಶುವೈದ್ಯರು ಎದೆ ಉಬ್ಬಿಸಿ ಹೇಳಿಕೊಳ್ಳುವುದು ಇದ್ದರೆ ಇದು, ಹೇಳಿಕೊಳ್ಳಲಿ ಬಿಡಿ.

ಇಲ್ಲಿಗೆ ಬಂದಮೇಲೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಆ ಮೂಲೆಗಳಿಗೆ ಲಸಿಕೆ ತಲುಪಿಸಿದ್ದು ಯಾರು?

ಇಥಿಯೋಪಿಯಾದ ಅಫಾರ್ ಬಿಸಿಲುನಾಡು. ರಸ್ತೆ ಇಲ್ಲ, ಕರೆಂಟ್ ಇಲ್ಲ, ಐಸ್ ಪೆಟ್ಟಿಗೆ ಹೊತ್ತು ಹೋಗುವುದರೊಳಗೆ ಲಸಿಕೆ ಕೆಟ್ಟುಹೋಗುತ್ತಿತ್ತು. ಫ್ರಿಜ್ ಇಲ್ಲದೆ ಸುಮಾರು ಒಂದು ತಿಂಗಳು ತಾಳುವ ಲಸಿಕೆ ಬಂದಮೇಲೆ ಕಥೆ ಬದಲಾಯಿತು. ಹಿರಿಯರು ಆರಿಸಿ ಕಳಿಸಿದ ದನಗಾಹಿ ಹುಡುಗರಿಗೇ ಸೂಜಿ ಹಿಡಿಯಲು ಕಲಿಸಿದರು. ಅವರು ಹಿಂಡಿನ ಜೊತೆಯೇ ನಡೆಯುವವರು, ಹಿಂಡು ಎಲ್ಲಿದೆ ಅಂತ ಹುಡುಕುವ ಕೆಲಸವೇ ಇಲ್ಲ. 1995ರ ನಂತರ ಅಲ್ಲಿ ದೊಡ್ಡರೋಗ ಕಾಣಲಿಲ್ಲ. ಹಳ್ಳಿಯಲ್ಲಿ ಒಂದು ಹೊಸ ಕಸುಬು ಮಾತ್ರ ಉಳಿಯಿತು: ಜಂತಿಗೆ ಔಷಧಿ ಹಾಕುವುದು, ಗಾಯ ನೋಡುವುದು, ಅನುಮಾನ ಬಂದರೆ ದೊಡ್ಡ ಡಾಕ್ಟರಿಗೆ ಸುದ್ದಿ ಮುಟ್ಟಿಸುವುದು. ಗ್ರಾಮೀಣ ಅಭಿವೃದ್ಧಿ ಅಂತ ಬೇರೆ ಕಡತದಲ್ಲಿ ಬರೆಯುತ್ತಾರಲ್ಲ, ಅದೂ ಇದೇ ಕೆಲಸ.

ಪಶ್ಚಿಮ ಆಫ್ರಿಕಾದವರು ಬೇರೆ ದಾರಿ ಹಿಡಿದರು. ಮಳೆ ಎಲ್ಲಿ ಬಿತ್ತೋ ಹಿಂಡು ಅಲ್ಲಿಗೆ ಹೋಗುತ್ತದೆ, ತಡೆದು ಉಪಯೋಗವಿಲ್ಲ ಅಂತ ಒಪ್ಪಿಕೊಂಡು 1998ರಲ್ಲಿ ಹಿಂಡಿಗೊಂದು ಪತ್ರ ತಂದರು. ಎಷ್ಟು ಪ್ರಾಣಿ, ಯಾವ ಲಸಿಕೆ ಆಗಿದೆ, ಯಾವ ದಾರಿ, ಯಾವ ಗಡಿ ಠಾಣೆ, ಕೊನೆಗೆ ಎಲ್ಲಿಗೆ, ಎಲ್ಲ ಅದರಲ್ಲಿ. ಆಚರಣೆಯಲ್ಲಿ ತಕರಾರು ಬೇಕಾದಷ್ಟಿವೆ. ಆದರೂ ಮುಚ್ಚಿದ ಗೇಟಿಗಿಂತ ಆ ಕಾಗದ ಜಾಸ್ತಿ ಹೇಳುತ್ತದೆ.

ಈಗಿನ ಸರದಿ ಆಡು ಕುರಿಗಳ ಹಿರೇಬೇನೆಯದು, ಪಿಪಿಆರ್ ಅನ್ನುವ ವೈರಸ್ ರೋಗ. 2030ರೊಳಗೆ ಅದನ್ನೂ ಮುಗಿಸಬೇಕು ಅನ್ನುವುದು ಗುರಿ. ಲಸಿಕೆ ಒಳ್ಳೆಯದೇ, ಒಮ್ಮೆ ಹಾಕಿದರೆ ಮೂರು ವರ್ಷಕ್ಕೆ ಮೋಸವಿಲ್ಲ. ಕಷ್ಟ ಇರುವುದು ಆಡಿನ ಸಂತಾನದಲ್ಲಿ. ಹೋದ ವರ್ಷ ಲಸಿಕೆ ಹಾಕಿಸಿಕೊಂಡವು ಎಷ್ಟೋ ಈ ವರ್ಷ ಮಾರಾಟವಾಗಿರುತ್ತವೆ. ಅವುಗಳ ಜಾಗದಲ್ಲಿ ಲಸಿಕೆಯನ್ನೇ ಕಾಣದ ಮರಿಗಳು ನಿಂತಿರುತ್ತವೆ, ಗಡಿಯ ಎರಡೂ ಕಡೆ.