ಜಾವಾದ ಹಳ್ಳಿಯಲ್ಲಿ ಗದ್ದೆ ಯಾರದು, ಬೆಳೆ ಯಾರದು?

ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಹಳ್ಳಿ ಕಚೇರಿಯ ಬೀರುವಿನಲ್ಲಿ ಒಂದು ಹಳೇ ದಪ್ಪ ಪುಸ್ತಕ ಇರುತ್ತದೆ. ಅದರ ಹೆಸರು ‘ಲೆಟರ್ ಸಿ’. ಯಾರ ಹೆಸರಿಗೆ ಎಷ್ಟು ಗದ್ದೆ, ಎಷ್ಟು ಖುಷ್ಕಿ, ಮಣ್ಣು ಯಾವ ತರಗತಿ, ಕಂದಾಯ ಎಷ್ಟು, ಎಲ್ಲವೂ ಕೈಬರಹದಲ್ಲಿ. ಜಮೀನು ಕೈ ಬದಲಾದರೆ ಅದಕ್ಕೆಂದೇ ಇರುವ ಕಾಲಂನಲ್ಲಿ ಕಾರಣ ಬರೆಯುತ್ತಾರೆ: ಪಿತ್ರಾರ್ಜಿತ, ಇಲ್ಲವೇ ಕ್ರಯ. ರೈತರ ಮನೆಯ ಪೆಟ್ಟಿಗೆಯಲ್ಲಿ ಇರುವುದು ‘ಗಿರಿಕ್’ ಎಂಬ ಕಂದಾಯದ ಚೀಟಿ. ಎಷ್ಟೋ ಮನೆಗಳಿಗೆ ತಮ್ಮ ಗದ್ದೆಗೆ ಇರುವ ಕಾಗದ ಅದೊಂದೇ.

ಈ ಚೀಟಿಗೆ 2021ರಲ್ಲಿ ಸರ್ಕಾರ ಗಡುವು ಹಾಕಿತು. ಆ ವರ್ಷದ 18ನೇ ಸಂಖ್ಯೆಯ ಸರ್ಕಾರಿ ನಿಯಮದ ಪ್ರಕಾರ ಹಳೇ ಕಾಗದ ಇಟ್ಟುಕೊಂಡವರು ಐದು ವರ್ಷದೊಳಗೆ ಜಮೀನು ನೋಂದಾಯಿಸಿ ಸರ್ಟಿಫಿಕೇಟ್ ಪಡೆಯಬೇಕು. ಆ ಐದು ವರ್ಷದ ಗಡುವು 2026ರ ಫೆಬ್ರವರಿ 2. ಆಮೇಲೆ ಗಿರಿಕ್ ಹಕ್ಕಿನ ಸಾಕ್ಷಿಯಾಗಿ ನಡೆಯುವುದಿಲ್ಲ, ನೋಂದಣಿ ಮಾಡುವಾಗ ಸುಳಿವಾಗಿ ಮಾತ್ರ ಬಳಕೆಯಾಗುತ್ತದೆ. ಗಡುವು ದಾಟಿದರೆ ಜಮೀನೇ ಸರ್ಕಾರದ್ದಾಗುತ್ತದೆ ಎಂಬ ಸುದ್ದಿ ಹಬ್ಬಿ ಜನ ಗಾಬರಿಯಾದರು. ಹಾಗೇನೂ ಆಗುವುದಿಲ್ಲ ಎಂದು ಭೂ ಸಚಿವಾಲಯವೇ ಸಮಾಧಾನ ಹೇಳಬೇಕಾಯಿತು.

ಒಂದು ಕಾಗದಕ್ಕೆ ಇಷ್ಟು ಭಯ ಏಕೆ? ಕಳೆದ ಇನ್ನೂರು ವರ್ಷಗಳಲ್ಲಿ ಈ ಹಳ್ಳಿಗಳಿಗೆ ಕಾಗದ ಬಂದಾಗಲೆಲ್ಲ ಯಾರೋ ಒಬ್ಬರ ಹೆಸರು ಒಳಗೆ ಸೇರಿದೆ, ಇನ್ನು ಕೆಲವರ ಪಾಲು ಹೊರಗೆ ಉಳಿದಿದೆ. ಭಯ ಅಲ್ಲಿಂದ ಬಂದದ್ದು.

ಜಾವಾದ ಹಳ್ಳಿಯಲ್ಲಿ ಆಸ್ತಿ ಅಂದರೆ ಗದ್ದೆಯೊಂದೇ ಆಗಿರಲಿಲ್ಲ. ಮನೆಯ ಸುತ್ತಲಿನ ಹಿತ್ತಲಿಗೆ ‘ಪೆಕಾರಾಂಗಾನ್’ ಎನ್ನುತ್ತಾರೆ. ತೆಂಗು, ಬಾಳೆ, ಹಲಸು, ಮರಗೆಣಸು, ಕೋಳಿ, ಕೆಲವು ಕಡೆ ಮೀನಿನ ಹೊಂಡ, ಎಲ್ಲ ಅದರಲ್ಲೇ. ಗದ್ದೆ ಇಲ್ಲದ ಮನೆಗೆ ವರ್ಷದ ಊಟದ ಒಂದು ಭಾಗ ಹಿತ್ತಲಿನಿಂದಲೇ ಬರುತ್ತದೆ. ಅಲ್ಲಿನ ಸಂಪ್ರದಾಯದ ಕಾನೂನಿನಲ್ಲಿ ನೆಲ ಒಬ್ಬರದು, ಮೇಲಿನ ಮರ ಇನ್ನೊಬ್ಬರದು ಆಗಬಹುದು. ಮನೆಯೂ ಹಾಗೇ. ಹಳೇ ಕಾಲದ ಮರದ ಮನೆಗಳನ್ನು ಕಂಬ ತೊಲೆ ಸಮೇತ ಬಿಚ್ಚಿ ಬೇರೆ ಕಡೆ ಸಾಗಿಸಬಹುದಿತ್ತು. ಹಾಗಾಗಿ ಮನೆ ಮಾರಿದರೂ ಜಾಗ ಉಳಿಯುತ್ತಿತ್ತು. ಬೇರೆಯವರ ಹಿತ್ತಲಲ್ಲಿ ಸ್ವಂತ ಮನೆ ಕಟ್ಟಿಕೊಂಡು ಇರುವವರೂ ಇದ್ದರು.

ಊರಿನ ಮಂದಿಯನ್ನು ಅಳೆಯುತ್ತಿದ್ದದ್ದೂ ಇದರಿಂದಲೇ. ಗದ್ದೆ, ಮನೆ, ಹಿತ್ತಲು ಮೂರೂ ಇದ್ದವನು ಪೂರ್ಣ ಹಳ್ಳಿಗ. ಹಿತ್ತಲು ಮಾತ್ರ ಇದ್ದವನು ಅದಕ್ಕಿಂತ ಕೆಳಗೆ. ಬೇರೆಯವರ ಹಿತ್ತಲಲ್ಲಿ ಇರುವವನು ಇನ್ನೂ ಕೆಳಗೆ. ಪೂರ್ಣ ಹಳ್ಳಿಗನಿಗೆ ಗೌರವ ಜಾಸ್ತಿ, ಹೊರೆಯೂ ಜಾಸ್ತಿ. ರಸ್ತೆ, ಕಾಲುವೆ, ದೊರೆಯ ಬಿಟ್ಟಿ ಚಾಕರಿ ಎಲ್ಲ ಅವನ ತಲೆಗೇ ಬೀಳುತ್ತಿತ್ತು. ಊರ ಮುಖ್ಯಸ್ಥನಾದ ‘ಲುರಾ’ನಿಗೆ ಸಂಬಳದ ಬದಲು ಗದ್ದೆ ಬಿಟ್ಟುಕೊಡುತ್ತಿದ್ದರು. ಹುದ್ದೆ ಇರುವಷ್ಟು ದಿನ ಆ ಗದ್ದೆಯ ಬೆಳೆ ಅವನದು, ಹುದ್ದೆ ಹೋದರೆ ಗದ್ದೆಯೂ ಹೋಯಿತು. ‘ಬೆಂಗ್ಕೊಕ್’ ಎಂಬ ಈ ಗದ್ದೆಗಳು ಇವತ್ತಿಗೂ ಇವೆ. ನಮ್ಮಲ್ಲಿ ಶಾನುಭೋಗ, ತಳವಾರರಿಗೆ ಬಿಟ್ಟಿದ್ದ ಇನಾಮು ಜಮೀನು ನೆನಪಿರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಈ ಲೋಕಕ್ಕೆ ಕಂದಾಯದ ಪುಸ್ತಕ ಹೊತ್ತು ಬಂದವರಲ್ಲಿ ನಮಗೆ ಗೊತ್ತಿರುವ ಒಬ್ಬ ಮನುಷ್ಯನಿದ್ದಾನೆ. 1811ರಲ್ಲಿ ಬ್ರಿಟಿಷರು ಜಾವಾವನ್ನು ಡಚ್ಚರಿಂದ ಕಿತ್ತುಕೊಂಡಾಗ ಆ ದಂಡಿನ ಜೊತೆ ಕಾಲಿನ್ ಮೆಕೆಂಜಿ ಹೋಗಿದ್ದ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನು ಅಳೆದು, ಊರೂರಿನ ಕೈಫಿಯತ್ತು ಕೂಡಿಸಿದ ಅದೇ ಮೆಕೆಂಜಿ. ಜಾವಾದಲ್ಲಿ ಜಮೀನಿನ ಹಕ್ಕು ಯಾರದೆಂದು ವಿಚಾರಿಸುವ ಸಮಿತಿಗೆ ಅವನೇ ಮುಖ್ಯಸ್ಥನಾದ. ಅಲ್ಲಿ ಅಧಿಕಾರ ನಡೆಸುತ್ತಿದ್ದ ಸ್ಟ್ಯಾಂಫರ್ಡ್ ರಾಫಲ್ಸ್ ಆಮೇಲೆ ಭೂಕಂದಾಯ ಜಾರಿಗೆ ತಂದ. 1814ರ ಹೊತ್ತಿಗೆ ಅವನು ಹಿಡಿದ ದಾರಿ ರೈತವಾರಿಯದು, ಅಂದರೆ ಒಬ್ಬೊಬ್ಬ ರೈತನಿಂದ ನೇರವಾಗಿ ಕಂದಾಯ ಪಡೆಯುವುದು. ಕೆನರಾದಲ್ಲೂ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಮದ್ರಾಸ್ ಪ್ರಾಂತ್ಯದಲ್ಲಿ ಬೆಳೆಸಿದ ಪದ್ಧತಿ ಅದು. ನಮ್ಮ ಕರಾವಳಿಯ ಗದ್ದೆಗೂ ಜಾವಾದ ಗದ್ದೆಗೂ ಒಂದೇ ಕಾಲದಲ್ಲಿ ಒಂದೇ ಬಗೆಯ ಯೋಚನೆ ತಾಗಿತ್ತು ಎಂಬುದು ನಮಗೆ ಅಷ್ಟಾಗಿ ಗೊತ್ತಿಲ್ಲ, ಅಲ್ವಾ?

ರಾಫಲ್ಸ್ ಹೇಳಿದ್ದು ಎರಡು ಮಾತು. ನೆಲದ ಒಡೆಯ ಸರ್ಕಾರ. ಉಳುವವನು ಅದಕ್ಕೆ ಗೇಣಿ ಕೊಡಬೇಕು. ಒಳ್ಳೆಯ ಗದ್ದೆಗೆ ಬೆಳೆಯ ಅರ್ಧ, ಎರಡನೇ ತರಗತಿಗೆ ಐದರಲ್ಲಿ ಎರಡು ಪಾಲು, ಮೂರನೆಯದಕ್ಕೆ ಮೂರರಲ್ಲಿ ಒಂದು. 1816ರಲ್ಲಿ ಬ್ರಿಟಿಷರು ಹೊರಟರು, ಡಚ್ಚರು ಮರಳಿದರು. ಆದರೆ ಕಂದಾಯ ಅಲ್ಲೇ ಉಳಿಯಿತು.

1830ರಲ್ಲಿ ಡಚ್ ಗವರ್ನರ್ ಜನರಲ್ ವಾನ್ ಡೆನ್ ಬಾಷ್ ಇನ್ನೊಂದು ಹೊರೆ ಹೊರಿಸಿದ. ಊರಿನ ಗದ್ದೆಯ ಐದನೇ ಒಂದು ಭಾಗದಲ್ಲಿ ಕಬ್ಬು, ಬಣ್ಣದ ನೀಲಿಗಿಡದಂಥ ರಫ್ತಿನ ಬೆಳೆ ಬೆಳೆದುಕೊಡಬೇಕು. ಕಾಗದದಲ್ಲಿ ಐದನೇ ಒಂದು, ಎಷ್ಟೋ ಊರುಗಳಲ್ಲಿ ಹಿಡಿದದ್ದು ಅದಕ್ಕಿಂತ ಜಾಸ್ತಿ. 1849–50ರಲ್ಲಿ ಡೆಮಾಕ್, ಗ್ರೊಬೊಗಾನ್ ಸೀಮೆಗಳಲ್ಲಿ ಬರಗಾಲ ಬಂದು ಜನ ಹಸಿವಿನಿಂದ ಸತ್ತರು, ಊರು ಬಿಟ್ಟು ಓಡಿದರು. ಬಿಟ್ಟಿ ಚಾಕರಿಯ ಹೊರೆ ಗದ್ದೆ ಇದ್ದವನ ಮೇಲೆ ಬೀಳುತ್ತಿದ್ದುದರಿಂದ ಹಲವು ಊರುಗಳು ಗದ್ದೆಯನ್ನು ಹೆಚ್ಚು ಮನೆಗಳಿಗೆ ಹಂಚಿ ಹೊರೆಯನ್ನೂ ಹಂಚಿಕೊಂಡವು. ಕೆಲವು ಕಡೆ ಗದ್ದೆಯನ್ನು ಸರದಿಯ ಮೇಲೆ ಕೊಡುತ್ತಿದ್ದರು. ಜಾವಾದ ಹಳ್ಳಿಗರು ಸ್ವಭಾವದಿಂದಲೇ ಎಲ್ಲವನ್ನೂ ಹಂಚಿಕೊಂಡು ಬಾಳುವವರು ಎಂದು ಬರೆಯುವವರಿದ್ದಾರೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಹಂಚಿಕೆಯ ದೊಡ್ಡ ಭಾಗ ಬಿಟ್ಟಿ ಚಾಕರಿಯ ಒತ್ತಡದಿಂದ ಹುಟ್ಟಿತು.

1870ರ ಭೂ ಕಾನೂನು ಇನ್ನೊಂದು ಹೆಜ್ಜೆ. ಮಾಲೀಕತ್ವ ರುಜುವಾತಾಗದ ನೆಲವೆಲ್ಲ ಸರ್ಕಾರದ್ದು ಎಂದು ಡಚ್ಚರು ಸಾರಿದರು. ತೋಟದ ಕಂಪನಿಗಳಿಗೆ 75 ವರ್ಷದ ಗುತ್ತಿಗೆ ಸಿಕ್ಕಿತು. ಹಳ್ಳಿಯ ಗದ್ದೆ ಸ್ಥಳೀಯರ ಕೈಯಲ್ಲೇ ಇರಲಿ ಎಂಬ ರಕ್ಷಣೆಯೂ ಬಂತು ಅನ್ನಿ. ಆದರೆ ಸಕ್ಕರೆ ಕಾರ್ಖಾನೆಗಳು ಅದೇ ಗದ್ದೆಗಳನ್ನು ಸರದಿಯಂತೆ ಬಾಡಿಗೆಗೆ ಹಿಡಿದವು.

1945ರಲ್ಲಿ ಸ್ವಾತಂತ್ರ್ಯ ಘೋಷಣೆಯಾಯಿತು. ಹದಿನೈದು ವರ್ಷದ ನಂತರ, 1960ರ ಸೆಪ್ಟೆಂಬರ್ 24ರಂದು, ಡಚ್ಚರ ಭೂ ಕಾನೂನನ್ನು ಕಿತ್ತುಹಾಕಿ ಮೂಲ ಭೂ ಕಾಯ್ದೆ ಬಂತು. ಆ ದಿನವನ್ನು ಅಲ್ಲಿ ಈಗಲೂ ರೈತರ ದಿನವಾಗಿ ಆಚರಿಸುತ್ತಾರೆ. ಎಲ್ಲ ಭೂಹಕ್ಕಿಗೂ ಸಮಾಜದ ಹೊಣೆ ಇದೆ ಎಂದು ಆ ಕಾಯ್ದೆಯ ಆರನೇ ಕಲಮು ಹೇಳುತ್ತದೆ. ಅದೇ ವರ್ಷ ಬಂದ ಇನ್ನೊಂದು ಕಾನೂನು ತುಂಬಾ ಜನದಟ್ಟಣೆಯ ಜಿಲ್ಲೆಗಳಲ್ಲಿ ಒಂದು ಕುಟುಂಬಕ್ಕೆ ಐದು ಹೆಕ್ಟೇರಿಗಿಂತ ಹೆಚ್ಚು ನೀರಾವರಿ ಗದ್ದೆ ಇರಬಾರದು ಎಂದಿತು. ಪ್ರತಿ ರೈತ ಕುಟುಂಬಕ್ಕೂ ಕನಿಷ್ಠ ಎರಡು ಹೆಕ್ಟೇರ್ ಸಿಗುವಂತೆ ಸರ್ಕಾರ ದುಡಿಯಬೇಕು ಎಂದೂ ಬರೆಯಿತು. ಭೋಗ್ಯಕ್ಕೆ ಹಾಕಿದ ಗದ್ದೆ ಏಳು ವರ್ಷ ದಾಟಿದ್ದರೆ ಸಾಲದ ಹಣ ವಾಪಸು ಕೇಳದೆ ಬಿಟ್ಟುಕೊಡಬೇಕು ಎಂಬ ಒಳ್ಳೆಯ ಕಲಮೂ ಅದರಲ್ಲಿದೆ. ಸಾಲ ಕೊಟ್ಟವನು ಏಳು ವರ್ಷದ ಬೆಳೆ ಉಂಡ ಮೇಲೆ ಸಾಲ ತೀರಿದಂತೆಯೇ ಎಂಬುದು ಅದರ ಲೆಕ್ಕ. ಕೋರಿಗೆ ಮಾಡುವವರಿಗಂತಲೇ ಬೇರೆ ಕಾಯ್ದೆ ಬಂತು. ಆಗ ನಡೆಯುತ್ತಿದ್ದ ರೂಢಿ ‘ಮಾರೊ’, ಅಂದರೆ ಅರ್ಧ ಒಡೆಯನಿಗೆ, ಅರ್ಧ ಉಳುವವನಿಗೆ. ‘ಮೆರ್ತೆಲು’ ಆದರೆ ಉಳುವವನಿಗೆ ಮೂರರಲ್ಲಿ ಒಂದೇ ಪಾಲು.

ಕಾನೂನು ಬಂದರೂ ಹಂಚಿಕೆ ಕುಂಟುತ್ತಿತ್ತು. ದೊಡ್ಡ ಹಿಡುವಳಿದಾರರು ನೆಂಟರ ಹೆಸರಿಗೆ ಜಮೀನು ಬರೆದರು. ಕೆಲವು ಜಮೀನು ಧಾರ್ಮಿಕ ದತ್ತಿಯಾಯಿತು. 1964ರ ಹೊತ್ತಿಗೆ ಕಮ್ಯುನಿಸ್ಟ್ ಪಕ್ಷದ ಜೊತೆಗಿದ್ದ ರೈತ ಸಂಘ ಬಾರಿಸಾನ್ ತಾನಿ ಇಂಡೋನೇಷ್ಯಾ ತಾನೇ ಮುಂದೆ ನಿಂತಿತು. ಕ್ಲಾಟೆನ್ ಮತ್ತು ಪೂರ್ವ ಜಾವಾದ ಹಲವು ಊರುಗಳಲ್ಲಿ ರೈತರು ‘ಉಳುವವನಿಗೇ ಭೂಮಿ’ ಎಂದು ಗದ್ದೆಗೆ ಇಳಿದರು. ಒಡೆಯರು, ಅವರ ಬೆನ್ನಿಗಿದ್ದ ಧಾರ್ಮಿಕ ಸಂಘಟನೆಗಳ ಯುವಕರು ಎದುರು ನಿಂತರು. ಊರು ಎರಡಾಯಿತು.

ಆಮೇಲೆ ಆದದ್ದನ್ನು ಬರೆಯುವಾಗ ಕೈ ತಡೆಯುತ್ತದೆ. 1965ರ ಅಕ್ಟೋಬರ್‌ನಿಂದ ಕೆಲವೇ ತಿಂಗಳಲ್ಲಿ ಕಮ್ಯುನಿಸ್ಟರು ಎಂದು ಹಣೆಪಟ್ಟಿ ಹಚ್ಚಿ ಕನಿಷ್ಠ 5 ಲಕ್ಷ ಜನರನ್ನು ಕೊಂದರು ಎಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಜಾವಾ, ಬಾಲಿಯ ಹಳ್ಳಿಗಳಲ್ಲಿ ಸತ್ತವರಲ್ಲಿ ಜಮೀನು ಕೇಳಿದವರು, ಹಂಚಿಕೆಯಲ್ಲಿ ತುಂಡು ಗದ್ದೆ ಪಡೆದವರು ಬಹಳ ಜನ. ಹಂಚಿದ ಎಷ್ಟೋ ಗದ್ದೆ ಹಳೇ ಒಡೆಯರಿಗೇ ಮರಳಿತು. ಭೂಸುಧಾರಣೆಯ ನ್ಯಾಯಾಲಯಗಳನ್ನು 1970ರಲ್ಲಿ ಮುಚ್ಚಿದರು. ಕಾನೂನು ಪುಸ್ತಕದಲ್ಲಿ ಹಾಗೇ ಇತ್ತು, ಆದರೆ ಅದರ ಹೆಸರೆತ್ತುವುದಕ್ಕೇ ಜನ ಹೆದರಿದರು. ಈ ಹೆದರಿಕೆ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದಕ್ಕೆ ಕೆಡುಂಗ್ ಓಂಬೊ ಸಾಕ್ಷಿ. 1989ರಲ್ಲಿ ನೀರು ತುಂಬಲು ಶುರುವಾದ ಆ ಅಣೆಕಟ್ಟಿಗೆ ಜಮೀನು ಬಿಡಲೊಪ್ಪದವರ ಗುರುತಿನ ಚೀಟಿಯ ಮೇಲೆ, ಮಾಜಿ ರಾಜಕೀಯ ಕೈದಿಗಳಿಗೆ ಹಾಕುವ ಗುರುತನ್ನೇ ಹಾಕಿದರು.

ಇನ್ನು ಬೆಳೆಯ ವಿಷಯ. ನನ್ನ ಮಟ್ಟಿಗೆ ಈ ಕಥೆಯ ತಿರುಳೇ ಇದು.

ಹಿಂದೆ ಜಾವಾದಲ್ಲಿ ಭತ್ತ ಕೊಯ್ಯುತ್ತಿದ್ದದ್ದು ಹೆಂಗಸರು. ಅಂಗೈಯೊಳಗೆ ಅಡಗುವ ‘ಅನಿ-ಅನಿ’ ಎಂಬ ಪುಟ್ಟ ಕತ್ತಿಯಿಂದ ಒಂದೊಂದೇ ತೆನೆ ಕೊಯ್ಯುತ್ತಿದ್ದರು. ಯಾರದೇ ಗದ್ದೆ ಕೊಯ್ಲಿಗೆ ಬಂದರೂ ಅಕ್ಕಪಕ್ಕದ ಮನೆಯವರು, ಪಕ್ಕದ ಊರಿನವರು ಸಹ ಇಳಿಯಬಹುದು. ಬರುವವರನ್ನು ಬೇಡ ಎನ್ನುವುದು ಒಡೆಯನಿಗೆ ಮರ್ಯಾದೆ ಅಲ್ಲ. ಕೊಯ್ದದ್ದರಲ್ಲಿ ಅವರಿಗೆ ಸಿಗುವ ಪಾಲು ‘ಬಾವೊನ್’. ನೆಂಟರಿಗೆ, ನೆರೆಯವರಿಗೆ ಪಾಲು ಜಾಸ್ತಿ, ದೂರದವರಿಗೆ ಕಮ್ಮಿ. ಗದ್ದೆ ಇಲ್ಲದ ಮನೆಯ ಕಣಜಕ್ಕೆ ಭತ್ತ ಬರುತ್ತಿದ್ದದ್ದು ಹೀಗೆ. ಇದು ದಾನ ಆಗಿರಲಿಲ್ಲ, ಹಕ್ಕಾಗಿತ್ತು. ಆದರೆ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

1960ರ ದಶಕದ ಕೊನೆಗೆ ಹಸಿರು ಕ್ರಾಂತಿ ಬಂತು. ಐಆರ್-8ನಂಥ ಗಿಡ್ಡ ತಳಿ, ಗೊಬ್ಬರ, ಕೀಟನಾಶಕ, ಸರ್ಕಾರದ ಸಾಲ. ಇಳುವರಿ ಏರಿತು, 1984ರಲ್ಲಿ ದೇಶ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಹೊಟ್ಟೆ ತುಂಬಿದ್ದು ಸುಳ್ಳಲ್ಲ, ಅದನ್ನು ಹಗುರಾಗಿ ನೋಡಬಾರದು. ಆದರೆ ಅದೇ ಹೊತ್ತಿಗೆ ಗದ್ದೆಯ ಒಡೆಯರು ನಿಂತ ಬೆಳೆಯನ್ನೇ ವ್ಯಾಪಾರಿಗೆ ಮಾರಲು ಶುರುಮಾಡಿದರು. ಇದಕ್ಕೆ ‘ತೆಬಾಸಾನ್’ ಎನ್ನುತ್ತಾರೆ. ಕೊಯ್ಲಿಗೆ ಕೆಲವು ದಿನ ಮುಂಚೆ ವ್ಯಾಪಾರಿ ಬಂದು ದರ ಮಾತಾಡುತ್ತಾನೆ, ತನ್ನ ಆಳುಗಳನ್ನು ಕರೆತಂದು ಕುಡುಗೋಲಿನಿಂದ ಕೊಯ್ಸುತ್ತಾನೆ. ಗಿಡ್ಡ ತಳಿಗೆ ಕುಡುಗೋಲೇ ಅನುಕೂಲ. ಊರಿನವರನ್ನು ಬೇಡ ಎನ್ನಲು ಅವನಿಗೆ ದಾಕ್ಷಿಣ್ಯ ಇಲ್ಲ, ಅವನು ಹೊರಗಿನವನು. ಒಡೆಯನೂ ‘ಬೆಳೆ ಮಾರಿಬಿಟ್ಟೆ, ನನ್ನ ಕೈಯಲ್ಲಿಲ್ಲ’ ಎನ್ನಬಹುದು. ಅದೇ ವರ್ಷಗಳಲ್ಲಿ ಸಣ್ಣ ಅಕ್ಕಿ ಗಿರಣಿಗಳೂ ಬಂದವು. ಒನಕೆ ಹಿಡಿದು ಭತ್ತ ಕುಟ್ಟಿ ಅಕ್ಕಿ ಗಳಿಸುತ್ತಿದ್ದ ಬಡ ಹೆಂಗಸರ ಕೆಲಸ ಕೆಲವೇ ವರ್ಷದಲ್ಲಿ ಹೋಯಿತು. ಒಬ್ಬರ ಗದ್ದೆಯೂ ಕೈ ಬದಲಾಗಲಿಲ್ಲ, ದಾಖಲೆಯಲ್ಲಿ ಒಂದು ಗೆರೆ ಬದಲಾಗಲಿಲ್ಲ. ಆದರೂ ಊರಿನ ಬಡ ಅರ್ಧ ತನ್ನ ಆಸ್ತಿ ಕಳೆದುಕೊಂಡಿತು.

ಗದ್ದೆ ಇದ್ದವರದೂ ಕರಗುತ್ತಾ ಬಂತು. ಜಾವಾದಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆ. ಹಲವು ಮನೆಗಳಲ್ಲಿ ಗಂಡು ಹೆಣ್ಣಿಗೆ ಸಮಪಾಲು, ಕೆಲವು ಕಡೆ ಇಸ್ಲಾಮಿನ ರೀತಿಯಂತೆ ಗಂಡಿಗೆ ಎರಡು, ಹೆಣ್ಣಿಗೆ ಒಂದು. ಗಂಡ ಹೆಂಡತಿ ಕೂಡಿ ಗಳಿಸಿದ್ದು ‘ಗೊನೊ-ಗಿನಿ’. ಬೇರೆಯಾದರೆ ಅದರಲ್ಲಿ ಇಬ್ಬರಿಗೂ ಹಕ್ಕು. ಅಪ್ಪ ಅಮ್ಮನನ್ನು ನೋಡಿಕೊಂಡು ಉಳಿದ ಮಗುವಿಗೆ, ಹೆಚ್ಚಾಗಿ ಕಿರಿಯವರಿಗೆ, ಹಳೇ ಮನೆ. ಹೆಣ್ಣುಮಕ್ಕಳ ಹಕ್ಕಿನಲ್ಲಿ ಈ ಹಳ್ಳಿಗಳು ನಮ್ಮ ಎಷ್ಟೋ ಹಳ್ಳಿಗಳಿಗಿಂತ ಮುಂದಿದ್ದವು. ಆದರೆ ತಲೆಮಾರಿಗೊಮ್ಮೆ ಗದ್ದೆ ತುಂಡಾಗುತ್ತದೆ. ಎರಡು ಹೆಕ್ಟೇರಿಗಿಂತ ಕಮ್ಮಿಯಾಗುವಂತೆ ಕೃಷಿಭೂಮಿ ಪರಭಾರೆ ಮಾಡಬಾರದು ಎಂದ 1960ರ ಕಾನೂನೇ ಪಿತ್ರಾರ್ಜಿತ ಹಂಚಿಕೆಗೆ ವಿನಾಯಿತಿ ಕೊಟ್ಟಿತು. ಅರ್ಧ ಹೆಕ್ಟೇರಿಗಿಂತ ಕಮ್ಮಿ ಇರುವವರನ್ನು ಅಲ್ಲಿ ‘ಗುರೆಮ್’ ರೈತರು ಎನ್ನುತ್ತಾರೆ. 2013ರ ಕೃಷಿ ಗಣತಿಯಲ್ಲಿ ದೇಶದಲ್ಲಿ ಅಂಥ ಮನೆಗಳು ಸುಮಾರು 1 ಕೋಟಿ 42 ಲಕ್ಷ. 2023ರಲ್ಲಿ 1 ಕೋಟಿ 60 ಲಕ್ಷಕ್ಕೂ ಹೆಚ್ಚು. ಜಾವಾದಲ್ಲೇ ಇವರು ಜಾಸ್ತಿ. ಮಗಳು ಹಾಂಕಾಂಗಿಗೋ ತೈವಾನಿಗೋ ಮನೆಗೆಲಸಕ್ಕೆ ಹೋಗಿ ಕಳಿಸಿದ ದುಡ್ಡಿನಲ್ಲಿ ಇಟ್ಟಿಗೆ ಮನೆ ಏಳುತ್ತದೆ, ಉಳಿದರೆ ತುಂಡು ಗದ್ದೆ ಕೊಳ್ಳುತ್ತಾರೆ.

2017ರಿಂದ ಸರ್ಕಾರ ಊರೂರಿಗೇ ಹೋಗಿ ಎಲ್ಲ ಜಮೀನನ್ನೂ ಅಳೆದು ಸರ್ಟಿಫಿಕೇಟ್ ಕೊಡುವ ಕೆಲಸ ಹಿಡಿದಿದೆ. ಇದು ಬೇಕಾದದ್ದೇ. ಗಿರಿಕ್ ಸುಲಭವಾಗಿ ನಕಲಾಗುತ್ತದೆ, ಅದರಿಂದ ಮೋಸಹೋದವರು ಬಹಳ. ಹಳೇ ಪುಸ್ತಕದಲ್ಲಿ ಎಷ್ಟೋ ಕಡೆ ಸತ್ತ ಅಜ್ಜನ ಹೆಸರೇ ಇದೆ. ವಾರಸುದಾರರು ಜಕಾರ್ತಾ, ಮಲೇಷ್ಯಾ ಎಂದು ಚದುರಿದ್ದಾರೆ. ಎಲ್ಲರ ಸಹಿ ಸಿಗದೆ ಕೆಲಸ ನಿಲ್ಲುತ್ತದೆ.

ಸರ್ಟಿಫಿಕೇಟ್ ಇದ್ದರೆ ಸಾಲ ಸಿಗುತ್ತದೆ, ಮಾರುವುದೂ ಸುಲಭ. ಪೂರ್ವ ಜಾವಾದ ತುಬಾನ್ ಜಿಲ್ಲೆಯ ಸುಮುರ್ಗೆನೆಂಗ್ ಎಂಬ ಊರಿನವರು ತೈಲ ಸಂಸ್ಕರಣಾ ಘಟಕಕ್ಕೆ ಗದ್ದೆ ಹೊಲ ಮಾರಿದರು. 2021ರ ಫೆಬ್ರವರಿಯಲ್ಲಿ ಊರಿಗೆ ಲಾರಿಗಳಲ್ಲಿ ಹೊಸ ಕಾರುಗಳು ಬಂದವು, ನೂರಕ್ಕೂ ಹೆಚ್ಚು. ಆ ವಿಡಿಯೊ ದೇಶವೆಲ್ಲ ಓಡಾಡಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಆ ಭಾಗದ ಜನ ಘಟಕದಲ್ಲಿ ಕೆಲಸ ಕೊಡಿ ಎಂದು ಪ್ರತಿಭಟನೆಗೆ ಇಳಿದರು. ಕೆಲವರು ದನ ಮಾರಿ ದಿನ ದೂಡುತ್ತಿದ್ದರು. ಅವರನ್ನು ನೋಡಿ ನಕ್ಕವರ ಮೇಲೆ ನನಗೆ ಸಿಟ್ಟಿದೆ. ಹೊಲದ ಜೊತೆ ದಿನದ ಕೆಲಸವೂ ಹೋಯಿತು, ಅದಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ.

ಕೋರಿಗೆ ಮಾಡುವವರ 1960ರ ಕಾಯ್ದೆ ಇನ್ನೂ ರದ್ದಾಗಿಲ್ಲ. ಒಡೆಯ ಮತ್ತು ಉಳುವವನ ಕರಾರು ಊರ ಮುಖ್ಯಸ್ಥನ ಎದುರು ಬರಹದಲ್ಲಿ ಆಗಬೇಕು, ಗದ್ದೆಗೆ ಕನಿಷ್ಠ ಮೂರು ವರ್ಷ, ಖುಷ್ಕಿಗೆ ಐದು ವರ್ಷ ಎಂದು ಅದರಲ್ಲಿ ಇದೆ. ಹಳ್ಳಿಗಳಲ್ಲಿ ಇವತ್ತಿಗೂ ಕೋರು ಬಾಯಿಮಾತಿನಲ್ಲೇ ನಡೆಯುತ್ತದೆ. ಸರ್ವೆಯವರು ಹೇಗೂ ಪ್ರತಿ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದಾರೆ. ಒಡೆಯನ ಹೆಸರು ಬರೆದುಕೊಳ್ಳುವಾಗಲೇ ಆ ಗದ್ದೆಯನ್ನು ಉಳುತ್ತಿರುವವರು ಯಾರು, ಎಷ್ಟು ಪಾಲಿಗೆ ಎಂದು ಕೇಳಿ ಕರಾರು ಬರೆಸಿದರೆ ಅದಕ್ಕೆ ಹೊಸ ಕಾನೂನೇ ಬೇಕಾಗಿಲ್ಲ.